ಹಿನ್ನೆಲೆ ಸಂಗೀತ ಕಲಿಯೋದು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನನಗೆ 24 ವರ್ಷ, ಹಾಸನದವನು. ಹತ್ತು ವರ್ಷ ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿತಿದ್ದೇನೆ, ಸೀನಿಯರ್ ಪರೀಕ್ಷೆ ಆಗಿದೆ. ಸಿನಿಮಾಗೆ ಹಿನ್ನೆಲೆ ಸಂಗೀತ ಮಾಡಬೇಕು ಅನ್ನೋದು ಆಸೆ. ಹಾಡಿಗಿಂತ ಅದೇ ನನ್ನನ್ನು ಎಳೆಯುತ್ತೆ. ಆದರೆ ಪಾಶ್ಚಾತ್ಯ ನೊಟೇಶನ್ ಬರಲ್ಲ, ಹಾರ್ಮನಿ (ಒಂದು ಸ್ವರದ ಜೊತೆಗೇ ಬೇರೆ ಸ್ವರ ಹೊಂದಿಸಿ ನುಡಿಸೋದು) ಗೊತ್ತಿಲ್ಲ. ಸಾಲ ಮಾಡಿ ಹೊರದೇಶದಲ್ಲಿ ಕೋರ್ಸ್ ಮಾಡಲಾ, ಇಲ್ಲಾ ಬೆಂಗಳೂರಿಗೆ ಬಂದು ಯಾರ ಹತ್ತಿರಾದರೂ ಸೇರಿಕೊಳ್ಳಲಾ? ಯಾವ ಸಾಫ್ಟ್‌ವೇರ್ ತೊಗೋಬೇಕು? ಗೆಳೆಯನ ಕಿರುಚಿತ್ರದ ಒಂದು ದೃಶ್ಯಕ್ಕೆ ನಾನೇ ಸಂಗೀತ ಮಾಡಿದ್ದೇನೆ, 2 ನಿಮಿಷ 10 ಸೆಕೆಂಡ್ ಇದೆ. ಸಂಗೀತ ಹಾಕಿದ್ದು, ಹಾಕದೆ ಇದ್ದದ್ದು ಎರಡೂ ಕಳಿಸಿದ್ದೇನೆ. ದಯವಿಟ್ಟು ನೋಡಿ ಹೇಳಿ.

ಉತ್ತರ: ನೋಡಿದೆ. ಎರಡನ್ನೂ ನಾಲ್ಕೈದು ಸಲ ನೋಡಿದೆ. ಓದುಗರಿಗೂ ಗೊತ್ತಾಗಲಿ ಅಂತ ದೃಶ್ಯ ಏನು ಅಂತ ಹೇಳಿಬಿಡುತ್ತೇನೆ. ಅಪ್ಪ ತೀರಿಹೋಗಿ ಕೆಲವು ದಿನ ಆಗಿದೆ. ಮಗ ಊರಿನ ಮನೆಗೆ ವಾಪಸ್ ಬರುತ್ತಾನೆ. ಗೇಟು ತೆಗೆಯುತ್ತಾನೆ, ಅಂಗಳ ದಾಟುತ್ತಾನೆ. 40ನೇ ಸೆಕೆಂಡಿಗೆ ಜಗಲಿಯ ಮೂಲೆಯಲ್ಲಿ ಅಪ್ಪನ ಚಪ್ಪಲಿ ಕಾಣುತ್ತೆ. ಒಳಗಿಂದ ಅಮ್ಮ ‘ಊಟ ಮಾಡ್ಕೊಂಡ್ ಬಂದ್ಯೇನೋ?’ ಅಂತ ಕೇಳುತ್ತಾಳೆ, ಇವನು ಏನೋ ಉತ್ತರ ಕೊಡುತ್ತಾನೆ. 1:06ಕ್ಕೆ ಮಾತು ಮುಗಿಯುತ್ತೆ. ಮಗ ಕಟ್ಟೆ ಮೇಲೆ ಕೂರುತ್ತಾನೆ. 1:34ಕ್ಕೆ ಬಗ್ಗಿ ಆ ಚಪ್ಪಲಿ ಮುಟ್ಟುತ್ತಾನೆ, ಜೋಡಿಸಿ ಇಡುತ್ತಾನೆ. ಅಷ್ಟೇ.

ನಿಮ್ಮ ಪಿಟೀಲು ಚೆನ್ನಾಗಿದೆ. ಶ್ರುತಿ ಎಲ್ಲೂ ಅಲುಗಾಡಿಲ್ಲ. ಆದರೆ ಒಂದು ಮಾತು ನೇರವಾಗಿ ಹೇಳಬೇಕು: ಸಂಗೀತ ಇಲ್ಲದೆ ನೋಡಿದಾಗ ಆ ದೃಶ್ಯ ನನಗೆ ಜಾಸ್ತಿ ತಟ್ಟಿತು. ಗೇಟು ಕಿರ್ ಅನ್ನೋದು, ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯೋ ಸದ್ದು, ಒಳಗೆ ಪಾತ್ರೆ ಸದ್ದು, ಇವೆಲ್ಲ ನಿಮ್ಮ ಗೆಳೆಯ ಎಷ್ಟು ಚೆನ್ನಾಗಿ ಹಿಡಿದಿದ್ದಾನೆ! ನಿಮ್ಮ ಪಿಟೀಲು ಮೊದಲ ಸೆಕೆಂಡಿನಿಂದ ಕೊನೆ ಸೆಕೆಂಡಿನವರೆಗೂ ಬಿಡದೆ ನುಡಿದು ಅದನ್ನೆಲ್ಲ ಮುಚ್ಚಿಬಿಟ್ಟಿದೆ. ಮಗ ಇನ್ನೂ ಗೇಟು ತೆಗೆಯುವಾಗಲೇ ಪಿಟೀಲು ಅಳೋಕೆ ಶುರು ಮಾಡಿದೆ. ಅವನು ಚಪ್ಪಲಿ ನೋಡೋ ಹೊತ್ತಿಗೆ ನೋಡುವವರ ಪಾಲಿನ ದುಃಖ ಖರ್ಚಾಗಿ ಹೋಗಿರುತ್ತೆ.

ಇದು ನಿಮ್ಮೊಬ್ಬರ ತಪ್ಪಲ್ಲ. ಕಚೇರಿ ಸಂಗೀತದಿಂದ ಬಂದ ಎಲ್ಲರೂ ಮೊದಲು ಮಾಡೋದೇ ಇದು. ನಾನೂ ಮಾಡಿದ್ದೇನೆ. ನಾವು ಕಲಿತಿರೋದೇ ಹಾಗೆ, ಸಿಕ್ಕ ಸಮಯವನ್ನು ತುಂಬೋದು. ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿದ ಮೇಲೂ ನಾನು ಒಂದು ಸಿನಿಮಾದಲ್ಲಿ ಜಾಸ್ತಿ ಹೊತ್ತು ಒದ್ದಾಡೋದು ಟ್ಯೂನಿಗಲ್ಲ. ಎಲ್ಲಿ ಶುರು ಮಾಡಬೇಕು, ಎಲ್ಲಿ ಬಿಡಬೇಕು ಅನ್ನೋದಕ್ಕೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಕೂಡ ಅದೇ: ಕಲಿಕೆ ಅಲ್ಲಿಂದ ಶುರು ಮಾಡಿ. ಹಾರ್ಮನಿ, ಸಾಫ್ಟ್‌ವೇರ್, ಕೋರ್ಸ್ ಎಲ್ಲ ಆಮೇಲೆ ಬರುತ್ತೆ.

ಕರಾವಳಿ ಕಡೆಯ ಯಕ್ಷಗಾನ ನೋಡಿದ್ದೀರಾ? ನೋಡಿಲ್ಲ ಅಂದ್ರೆ ಒಂದು ರಾತ್ರಿ ಪೂರ್ತಿ ಕೂತು ನೋಡಿ, ವೇಷದ ಕಡೆಗಲ್ಲ, ಹಿಮ್ಮೇಳದ ಕಡೆಗೆ. ಭಾಗವತರ ಕಣ್ಣು ವೇಷಧಾರಿಯ ಮೇಲೇ ಇರುತ್ತೆ. ಅವನ ಕಾಲಿನ ಹೆಜ್ಜೆ ನೋಡಿಕೊಂಡು ಮದ್ದಳೆ, ಚಂಡೆ ಬರುತ್ತೆ. ಅವನು ಅರ್ಥ ಹೇಳೋಕೆ ನಿಂತ ಅಂದ್ರೆ ಚಂಡೆ ಸುಮ್ಮನಾಗುತ್ತೆ, ಶ್ರುತಿ ಮಾತ್ರ ಹಿಂದೆ ಉಳಿಯುತ್ತೆ. ಮಾತು ಮುಗಿಯೋ ಧಾಟಿ ಕಂಡ ಕೂಡಲೇ ಭಾಗವತರು ಮುಂದಿನ ಪದ ಎತ್ತುತ್ತಾರೆ. ಸಿನಿಮಾದ ಹಿನ್ನೆಲೆ ಸಂಗೀತದ ಅರ್ಧ ಪಾಠ ಅಲ್ಲಿದೆ. ಬಿ.ವಿ. ಕಾರಂತರು ರಂಗಭೂಮಿಯಿಂದ ಇದೇ ಕಿವಿ ತೊಗೊಂಡು ಸಿನಿಮಾಗೆ ಬಂದವರು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ದ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 1977ರ ‘ಘಟಶ್ರಾದ್ಧ’ವನ್ನು ಒಂದು ಪೇಪರ್ ಪೆನ್ನು ಇಟ್ಟುಕೊಂಡು ನೋಡಿ. ಎಲ್ಲೆಲ್ಲಿ ಸಂಗೀತ ಇಲ್ಲ ಅಂತ ಬರೆದುಕೊಳ್ಳಿ.

ನಿಮ್ಮ ಮೊದಲ ಮೂರು ತಿಂಗಳ ಅಭ್ಯಾಸವೇ ಈ ಬರೆದುಕೊಳ್ಳೋದು. ನಿರ್ದೇಶಕರ ಜೊತೆ ಕೂತು ಎಲ್ಲಿ ಸಂಗೀತ ಶುರು, ಎಲ್ಲಿ ಕಟ್ ಅಂತ ಗುರುತು ಹಾಕೋದಕ್ಕೆ ಸ್ಪಾಟಿಂಗ್ ಅಂತಾರೆ, ಹಾಗೆ ಗುರುತಾದ ಒಂದೊಂದು ತುಂಡಿಗೂ ಕ್ಯೂ ಅಂತಾರೆ. ನೀವು ಆಗಲೇ ಮುಗಿದ ಸಿನಿಮಾ ಇಟ್ಟುಕೊಂಡು ಉಲ್ಟಾ ಮಾಡಬೇಕು. ಒಂದು ಕ್ಯೂ ಯಾವ ಸೆಕೆಂಡಿಗೆ ಬಂತು? ಅಲ್ಲೇ ಯಾಕೆ ಬಂತು? ನೋಟಕ್ಕೋ, ಮಾತಿಗೋ, ಶಾಟ್ ಬದಲಾದ ಕಟ್‌ಗೋ? ಎಲ್ಲಿ ಹೋಯ್ತು, ಸಣ್ಣಗೆ ಕರಗಿ ಹೋಯ್ತಾ, ಕತ್ತರಿಸಿದ ಹಾಗೆ ನಿಂತಿತಾ? ಮೊದಲು ಸೌಂಡ್ ಆಫ್ ಮಾಡಿ ದೃಶ್ಯ ನೋಡಿ, ನೀವಾಗಿದ್ದರೆ ಎಲ್ಲಿ ಬರುತ್ತಿದ್ದಿರಿ ಅಂತ ಗುರುತು ಹಾಕಿ. ಆಮೇಲೆ ಆನ್ ಮಾಡಿ. ಎರಡರ ನಡುವೆ ಎಲ್ಲಿ ವ್ಯತ್ಯಾಸ ಬಂತೋ ಅಲ್ಲೇ ನಿಮಗೆ ಪಾಠ ಸಿಗುತ್ತೆ.

ಯಾವುದನ್ನು ನೋಡಬೇಕು? ‘ಪುಷ್ಪಕ ವಿಮಾನ’ ನೋಡಲೇಬೇಕು. ಬೆಂಗಳೂರಿನಲ್ಲೇ ತೆಗೆದ 1987ರ ಸಿನಿಮಾ, ಒಂದೂ ಮಾತಿಲ್ಲ. ಎಲ್. ವೈದ್ಯನಾಥನ್ ಸಂಗೀತ. ಮಾತೇ ಇಲ್ಲ ಅಂದ ಮೇಲೆ ಸಂಗೀತ ಉದ್ದಕ್ಕೂ ಇರುತ್ತೆ ಅಂದುಕೊಂಡರೆ ತಪ್ಪು, ಬರೀ ಊರಿನ ಸದ್ದಿನ ಮೇಲೆ ನಡೆಯೋ ಜಾಗಗಳೂ ಇವೆ. ಅವನ್ನು ಹುಡುಕಿ. ಹಾಲಿವುಡ್ಡಿನ ‘ಕಾಸ್ಟ್ ಅವೇ’ (2000) ನೋಡಿ. ಅದರ ನಾಯಕ ದ್ವೀಪದಲ್ಲಿ ಒಂಟಿಯಾಗಿ ಇರುವಷ್ಟು ಹೊತ್ತೂ ಸಂಗೀತ ಇಲ್ಲ, ಗಾಳಿ ಮತ್ತು ಅಲೆ ಮಾತ್ರ. ಅವನು ತೆಪ್ಪ ಕಟ್ಟಿಕೊಂಡು ದ್ವೀಪ ಬಿಟ್ಟು ಹೊರಟಾಗ ಸಂಗೀತ ಬರುತ್ತೆ. ಅಷ್ಟು ಹೊತ್ತು ಕಾಯಿಸಿದ್ದಕ್ಕೇ ಆ ಕೆಲವೇ ಸ್ವರಕ್ಕೆ ಅಂಥ ಬಲ.

ಇನ್ನೊಂದು, ‘ಪಥೇರ್ ಪಾಂಚಾಲಿ’ (1955). ರವಿಶಂಕರ್ ಅವರು ಇದರ ಸಂಗೀತವನ್ನು ಒಂದೇ ರಾತ್ರಿಯ ರೆಕಾರ್ಡಿಂಗ್‌ನಲ್ಲಿ ಮಾಡಿದ್ದು. ಊರಿಗೆ ಮರಳಿದ ಅಪ್ಪ ಮಗಳಿಗೆ ಅಂತ ತಂದ ಸೀರೆ ತೋರಿಸುತ್ತಾನೆ. ಅವಳು ಸತ್ತಿರೋದು ಅವನಿಗೆ ಗೊತ್ತಿಲ್ಲ. ತಾಯಿ ಸೀರೆ ಕಚ್ಚಿಕೊಂಡು ಬಿಕ್ಕುತ್ತಾಳೆ. ಆಗ ನಮಗೆ ಅವಳ ಗಂಟಲಿನ ಅಳು ಕೇಳಿಸಲ್ಲ. ಆ ಜಾಗದಲ್ಲಿ ತಾರ್ ಶೆಹನಾಯಿಯ ಏರುದನಿ ಕೇಳುತ್ತೆ. ಅದು ನಿಮ್ಮ ಪಿಟೀಲಿನ ಹಾಗೆ ಬಿಲ್ಲಿನಿಂದ ನುಡಿಸೋ ವಾದ್ಯ. ಗಮನಿಸಿ, ಅಳುವಿನ ಹಿಂದೆ ಸಂಗೀತ ಹಾಕಿಲ್ಲ. ಅಳುವನ್ನೇ ತೆಗೆದು ಅದರ ಜಾಗವನ್ನು ಸಂಗೀತಕ್ಕೆ ಕೊಟ್ಟಿದ್ದಾರೆ. ಪಿಟೀಲು ನುಡಿಸೋರು ಈ ಎರಡು ನಿಮಿಷವನ್ನು ಬಾಯಿಪಾಠ ಮಾಡಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಈಗ ನಿಮ್ಮ ದೃಶ್ಯಕ್ಕೆ ಬರೋಣ. ನಾನಾಗಿದ್ದರೆ 40 ಸೆಕೆಂಡಿನವರೆಗೆ ಏನೂ ಹಾಕುತ್ತಿರಲಿಲ್ಲ. ಚಪ್ಪಲಿ ಕಂಡಾಗಲೂ ಇಲ್ಲ. ಅಮ್ಮ ಮಾತಾಡುವಾಗಲಂತೂ ಬೇಡವೇ ಬೇಡ. ಅವಳ ದನಿ ಒಳಗಿಂದ, ದೂರದಿಂದ ಬರುತ್ತೆ. ನಿಮ್ಮ ಪಿಟೀಲು ಅದೇ ಎತ್ತರದಲ್ಲಿ ಓಡಾಡುತ್ತಿದೆ, ಹಾಗಾಗಿ ‘ಊಟ’ ಅನ್ನೋ ಪದವೇ ನನಗೆ ಸರಿಯಾಗಿ ಕೇಳಿಸಲಿಲ್ಲ. ಮಾತಿನ ಕೆಳಗೆ ಸಂಗೀತ ಇರಲೇಬೇಕು ಅಂದರೆ ಉದ್ದ ಸ್ವರ ಹಿಡಿಯಿರಿ, ಗಮಕ ಇಲ್ಲದೆ, ಮಾತಿನ ದನಿಗಿಂತ ಕೆಳಗೆ ಅಥವಾ ತುಂಬ ಮೇಲೆ. ಓಡಾಟವೆಲ್ಲ ಮಾತಿನ ನಡುವಿನ ಸಂದಿನಲ್ಲಿ ಆಗಲಿ. ಗಮಕ ಅಂದ್ರೆ ಕಿವಿಯನ್ನು ತನ್ನ ಕಡೆ ಸೆಳೆಯೋದು ಅಲ್ವಾ? ಕಚೇರಿಯಲ್ಲಿ ಅದು ಬೇಕು. ಇಲ್ಲಿ ಕಿವಿ ಅಮ್ಮನ ಮಾತಿಗೆ ಹೋಗಬೇಕು.

ಹಾಗಾದರೆ ಶುರು ಎಲ್ಲಿ? 1:06, ಮಾತು ಮುಗಿದ ಮೇಲೆ. ಅಲ್ಲಿಂದ ಅವನು ಚಪ್ಪಲಿ ಮುಟ್ಟೋ 1:34ಕ್ಕೆ ಸರಿಯಾಗಿ 28 ಸೆಕೆಂಡ್. ಇಲ್ಲಿ ನಿಮಗೆ ಆಗಲೇ ಗೊತ್ತಿರೋ ಒಂದು ವಿದ್ಯೆ ಕೆಲಸಕ್ಕೆ ಬರುತ್ತೆ. ತನಿ ಆವರ್ತನದಲ್ಲಿ, ಅಂದರೆ ಕಚೇರಿಯಲ್ಲಿ ತಾಳವಾದ್ಯಕ್ಕೇ ಬಿಟ್ಟ ಭಾಗದಲ್ಲಿ, ಮೃದಂಗದವರು ಲೆಕ್ಕ ಹಾಕಿಕೊಂಡು ಕೋರ್ವೆ (ಮುಕ್ತಾಯದ ಲೆಕ್ಕದ ನುಡಿಸಾಣಿಕೆ) ಹಿಡಿದು ಎಡುಪ್ಪಿಗೆ (ಹಾಡು ಎತ್ತೋ ಜಾಗಕ್ಕೆ) ಸರಿಯಾಗಿ ಬಂದು ನಿಲ್ಲುತ್ತಾರಲ್ಲ, ಇದೂ ಅದೇ ಲೆಕ್ಕ. ನಿಮಿಷಕ್ಕೆ 60 ಬೀಟ್ ಇಟ್ಟರೆ 28 ಸೆಕೆಂಡಿಗೆ 28 ಬೀಟ್, ಅಂದರೆ ಎಂಟು ಬೀಟಿನ ಆದಿತಾಳದ ಮೂರೂವರೆ ಆವರ್ತ (ಸುತ್ತು). ನಡೆ ಸ್ವಲ್ಪ ಎಳೆದ ಹಾಗೂ ಅನಿಸುತ್ತೆ. 72 ಇಟ್ಟು ನೋಡಿ: 33.6 ಬೀಟ್ ಬಂತು, ಎಲ್ಲೂ ಕೂರಲ್ಲ. ಹಿಂದಿನಿಂದ ಬನ್ನಿ. ನನಗೆ ಪೂರ್ತಿ ನಾಲ್ಕು ಆವರ್ತ ಬೇಕು, 32 ಬೀಟ್. 32ನ್ನು 28ರಿಂದ ಭಾಗಿಸಿ 60ರಿಂದ ಗುಣಿಸಿದರೆ 68.57. ಸಾಫ್ಟ್‌ವೇರಿನಲ್ಲಿ ಟೆಂಪೋ ಹಾಗೇ ಟೈಪ್ ಮಾಡಿ. ನಾಲ್ಕನೇ ಆವರ್ತ ಮುಗಿದು ಸಮ (ತಾಳದ ಮೊದಲ ಏಟು) ಬೀಳೋ ಹೊತ್ತಿಗೆ ಅವನ ಕೈ ಚಪ್ಪಲಿ ಮೇಲಿರುತ್ತೆ.

ಆ ಸಮದಲ್ಲಿ ಏನು ನುಡಿಸಬೇಕು? ನನ್ನ ಸಲಹೆ, ಬಿಲ್ಲು ಎತ್ತಿಬಿಡಿ. ನಾಲ್ಕು ಆವರ್ತ ಕಟ್ಟಿಕೊಂಡು ಬಂದಿದ್ದು ಆ ಜಾಗಕ್ಕೆ ಬಂದು ನಿಲ್ಲಲಿ, ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಒಂದೇ ಕೇಳಲಿ. ಎರಡು ಮೂರು ಸೆಕೆಂಡ್ ಬಿಟ್ಟು, ಅವನ ಮುಖ ನೋಡಿಕೊಂಡು ಮತ್ತೆ ಬನ್ನಿ. ನಟನ ಮುಖದಲ್ಲಿ ಭಾವ ಬಂದ ಮೇಲೆ ಸಂಗೀತ ಬರಬೇಕು. ಅದಕ್ಕಿಂತ ಮೊದಲೇ ಬಂದರೆ ನೋಡುವವರಿಗೆ ‘ಈಗ ಅಳಿ’ ಅಂತ ಹೇಳಿಕೊಟ್ಟ ಹಾಗಾಗುತ್ತೆ. ಹತ್ತು ಹನ್ನೆರಡು ಫ್ರೇಮ್ ತಡವಾದರೂ ಪರವಾಗಿಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ, ಹನ್ನೆರಡು ಅಂದರೆ ಅರ್ಧ ಸೆಕೆಂಡ್. ಈ ಅರ್ಧ ಸೆಕೆಂಡಿನ ಮೇಲೇ ನಾನು ಒಂದೊಂದು ರಾತ್ರಿ ಪೂರ್ತಿ ಕೂತಿದ್ದೇನೆ.

ಹಾರ್ಮನಿ ಬಗ್ಗೆ ಹೆದರಬೇಡಿ. ಆದರೆ ಕಲಿಯಿರಿ, ಅದು ಬೇಕೇ ಬೇಕು. ಒಂದು ಸಣ್ಣ ಪ್ರಯೋಗ ಮಾಡಿ. ಪಿಟೀಲಿನಲ್ಲಿ ಅಂತರ ಗಾಂಧಾರ ಹಿಡಿದು ರೆಕಾರ್ಡ್ ಮಾಡಿಕೊಳ್ಳಿ, ಅಲುಗಿಸದೆ, ಹತ್ತು ಸೆಕೆಂಡ್. ಕೀಬೋರ್ಡಿನಲ್ಲಿ ಅದರ ಕೆಳಗೆ ಮಂದ್ರದ ಷಡ್ಜ ಇಡಿ, ಐದು ಸೆಕೆಂಡಾದ ಮೇಲೆ ಷಡ್ಜ ಬಿಟ್ಟು ಅದರ ಕೆಳಗಿನ ಚತುಶ್ರುತಿ ಧೈವತಕ್ಕೆ ಇಳಿಯಿರಿ. ಮೇಲಿನ ಸ್ವರ ಅಲ್ಲೇ ಇದೆ, ಕೆಳಗಿನ ನೆಲ ಜರುಗಿತು. ಬೆಳಕಾಗಿದ್ದ ಗಾಂಧಾರಕ್ಕೆ ತಟ್ಟನೆ ಮೋಡ ಕವಿಯುತ್ತೆ. ಮಗನ ಮುಖದಲ್ಲಿ ಏನೂ ಬದಲಾಗದೆ ಒಳಗೆ ಏನೋ ಬದಲಾಯ್ತು ಅಂತ ತೋರಿಸಬೇಕಾದರೆ ಇಂಥದ್ದು ಬೇಕಾಗುತ್ತೆ. ನಮ್ಮ ಪದ್ಧತಿಯಲ್ಲಿ ಷಡ್ಜ ಕದಲೋದಿಲ್ಲ, ಹಾಗಾಗಿ ಈ ಕಿವಿ ಬೇರೆಯಾಗಿ ಬೆಳೆಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತದ ಟ್ರಿನಿಟಿ ಪರೀಕ್ಷೆಗೆ ಪಾಠ ಮಾಡೋರು ಬಹಳ ಜನ ಇದ್ದಾರೆ, ಆನ್‌ಲೈನ್‌ನಲ್ಲೂ ಸಿಗುತ್ತಾರೆ. ಒಂದು ವರ್ಷ ಶಿಸ್ತಾಗಿ ಥಿಯರಿ ಮಾಡಿ. ನೊಟೇಶನ್ ಕೂಡ ಅಷ್ಟರಲ್ಲಿ ಬರುತ್ತೆ. ಅದನ್ನು ಯಾಕೆ ಕಲಿಯಬೇಕು ಅಂದರೆ, ನಾಳೆ ಎಂಟು ಜನ ಪಿಟೀಲಿನವರು ಸ್ಟುಡಿಯೋದಲ್ಲಿ ಕೂತಿರುತ್ತಾರೆ, ಗಂಟೆ ಲೆಕ್ಕದಲ್ಲಿ ದುಡ್ಡು ಹೋಗುತ್ತಿರುತ್ತೆ. ಒಬ್ಬೊಬ್ಬರಿಗೂ ಹಾಡಿ ತೋರಿಸೋಕೆ ಆಗಲ್ಲ.

ವಾದ್ಯ ಜಾಸ್ತಿ ಇದ್ದರೆ ದೊಡ್ಡ ಸಂಗೀತ ಅನ್ನೋ ಭ್ರಮೆ ಬೇಡ. ‘ಸೈಕೋ’ (1960) ಸಿನಿಮಾಗೆ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲೇ ಪೂರ್ತಿ ಸಂಗೀತ ಬರೆದರು. ಸ್ನಾನದ ಮನೆಯ ಕೊಲೆ ದೃಶ್ಯಕ್ಕೆ ಸಂಗೀತ ಬೇಡ ಅಂದುಕೊಂಡಿದ್ದವರು ನಿರ್ದೇಶಕ ಹಿಚ್‌ಕಾಕ್. ಹರ್ಮನ್ ಬರೆದು ಕೇಳಿಸಿದ ಮೇಲೆ ಮನಸ್ಸು ಬದಲಾಯಿಸಿದರು. ಪಿಟೀಲಿನಿಂದ ಅಂಥ ಕಿರುಚಾಟವೂ ಬರುತ್ತೆ ಅಂತ ಅದುವರೆಗೆ ಎಷ್ಟು ಜನ ಯೋಚಿಸಿದ್ದರು? ನಿಮ್ಮ ಕೈಯಲ್ಲಿರೋ ವಾದ್ಯದಲ್ಲಿ ಇನ್ನೂ ಏನೇನಿದೆ ನೋಡಿ. ಬಿಲ್ಲನ್ನು ಕುದುರೆ (ತಂತಿಗಳನ್ನು ಎತ್ತಿ ಹಿಡಿಯೋ ಮರದ ತುಂಡು) ಹತ್ತಿರ ಎಳೆದರೆ ಕರಕರ ಅನ್ನುತ್ತೆ, ಬೆರಳಿನ ಹಲಗೆ ಮೇಲೆ ಎಳೆದರೆ ಉಸಿರಿನ ಹಾಗೆ ಬರುತ್ತೆ. ಇವೆಲ್ಲ ಕಚೇರಿಯಲ್ಲಿ ತಪ್ಪು, ಸಿನಿಮಾದಲ್ಲಿ ಚಿನ್ನ. ಶುಭಪಂತುವರಾಳಿ ಅಂದ್ರೆ ಶೋಕ, ಮೋಹನ ಅಂದ್ರೆ ಸಂತೋಷ ಅನ್ನೋ ಪಟ್ಟಿಯನ್ನು ಮಾತ್ರ ಪಕ್ಕಕ್ಕಿಡಿ. ನಿಮ್ಮ ತುಣುಕಿನಲ್ಲೂ ಅದೇ ಆಗಿದೆ, ರಾಗ ಗುರುತು ಸಿಕ್ಕಿದ ಕೂಡಲೇ ನಾನು ಮಗನನ್ನು ಮರೆತು ರಾಗ ಕೇಳೋಕೆ ಶುರು ಮಾಡಿದೆ.

ಸಾಫ್ಟ್‌ವೇರ್ ವಿಷಯ ಬೇಗ ಮುಗಿಸುತ್ತೇನೆ. ಸಂಗೀತ ರೆಕಾರ್ಡ್ ಮಾಡಿ ಜೋಡಿಸೋಕೆ ರೀಪರ್ ಸಾಕು, ಅಗ್ಗ, ಹಳೆ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ, ವಿಡಿಯೋ ಹಾಕಿಕೊಂಡು ಕೆಲಸ ಮಾಡಬಹುದು. ಕ್ಯೂಬೇಸ್, ಲಾಜಿಕ್ ಎಲ್ಲ ಕೆಲಸ ಸಿಕ್ಕ ಮೇಲೆ ಯೋಚಿಸಿ. ಪ್ರಾಜೆಕ್ಟಿನ ಸ್ಯಾಂಪಲ್ ರೇಟನ್ನು 48 ಕಿಲೋಹರ್ಟ್ಸ್‌ನಲ್ಲೇ ಇಡಿ, ಫ್ರೇಮ್ ರೇಟ್ ಎಷ್ಟು ಅಂತ ಎಡಿಟರ್ ಹತ್ತಿರ ಕೇಳಿಕೊಂಡು ಅದೇ ಹಾಕಿ. ಒಳ್ಳೆಯ ಹೆಡ್‌ಫೋನ್ ಒಂದು, ಮೈಕ್ ಒಂದು. ಮಾಡಿದ್ದನ್ನು ಒಂದು ಸಲ ಮೊಬೈಲ್ ಸ್ಪೀಕರಿನಲ್ಲೂ ಕೇಳಿ, ಕಿರುಚಿತ್ರವನ್ನು ಜನ ನೋಡೋದು ಅದರಲ್ಲೇ.

ದುಡ್ಡಿಗಿಂತ ಜಾಸ್ತಿ ನಷ್ಟ ಮಾಡೋದು ಎಡಿಟ್ ಬದಲಾಗೋದು. ನನ್ನ ಮೊದಲ ಸ್ವತಂತ್ರ ಸಿನಿಮಾದಲ್ಲಿ ‘ಲಾಕ್ ಆಗಿದೆ’, ಅಂದರೆ ಇನ್ನು ಎಡಿಟ್ ಬದಲಾಗಲ್ಲ ಅಂತ ಕೊಟ್ಟ ಪಿಕ್ಚರಿಗೆ ಹನ್ನೊಂದು ದಿನ ಕೂತು ಒಂದು ರೀಲ್ ಮುಗಿಸಿದೆ. ಮಿಕ್ಸಿಂಗ್ ಥಿಯೇಟರಿಗೆ ಹೋಗಿ ನೋಡಿದರೆ ಪ್ರತಿ ಏಟೂ ತಡವಾಗಿ ಬೀಳುತ್ತಿದೆ. ರೀಲಿನ ಶುರುವಿನಲ್ಲೇ 14 ಫ್ರೇಮ್ ಕತ್ತರಿಸಿದ್ದರು, ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಬಾಗಿಲು ಹಾಕಿಕೊಂಡ ಮೇಲೆ ಬಾಗಿಲಿನ ಸಂಗೀತ. ಆ ರಾತ್ರಿ ಎಲ್ಲ ಕ್ಯೂಗಳನ್ನೂ ಒಂದೊಂದಾಗಿ ಸರಿಸಿ ಕೂರಿಸಿದೆ, ಎರಡು ಕಡೆ ಬಾರ್ (ತಾಳದ ಸುತ್ತು) ಕತ್ತರಿಸಿ ಹಾಳಾಯ್ತು. ಅಂದಿನಿಂದ ಪ್ರತಿ ವಿಡಿಯೋ ಫೈಲಿನ ಹೆಸರಿನಲ್ಲಿ ತಾರೀಖು ಇರಲೇಬೇಕು ಅಂತ ಹಟ ಹಿಡಿಯುತ್ತೇನೆ, ಮಿಕ್ಸಿಂಗಿಗೆ ಕೊಡೋ ಮುಂಚೆ ಎಡಿಟರಿಗೆ ಫೋನ್ ಮಾಡಿ ಕೇಳುತ್ತೇನೆ.

ಇನ್ನೊಂದು ತೊಂದರೆ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಎಡಿಟರ್ ಕೆಲಸ ಮಾಡುವಾಗ ಯಾವುದೋ ಸಿನಿಮಾದ ಸಂಗೀತ ತಾತ್ಕಾಲಿಕವಾಗಿ ಹಾಕಿಕೊಂಡಿರುತ್ತಾರೆ. ನಿರ್ದೇಶಕರು ಅದನ್ನು ತಿಂಗಳುಗಟ್ಟಲೆ ಕೇಳಿ ಕೇಳಿ ಅದಕ್ಕೇ ಒಗ್ಗಿಹೋಗಿರುತ್ತಾರೆ. ಇದು ದೊಡ್ಡವರಿಗೂ ಆಗಿದೆ. ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಬರೆದ ಸಂಗೀತವನ್ನು ನಿರ್ದೇಶಕ ಕುಬ್ರಿಕ್ ಬಳಸಲೇ ಇಲ್ಲ, ಹಳೆಯ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡರು. ನಾರ್ತ್‌ಗೆ ಅದು ಗೊತ್ತಾಗಿದ್ದು ಸಿನಿಮಾ ನೋಡಿದಾಗ. ಹಾಗಾಗಿ ನಿಮ್ಮ ಗೆಳೆಯನ ಮುಂದಿನ ಚಿತ್ರಕ್ಕೆ ಸ್ಕ್ರಿಪ್ಟ್ ಹಂತದಲ್ಲೇ ನಾಲ್ಕೈದು ಸ್ವರದ ಒಂದು ಸಣ್ಣ ಎಳೆ ಮಾಡಿಕೊಡಿ. ಎಡಿಟಿಂಗಿಗೆ ಅದನ್ನೇ ಹಾಕಿಕೊಳ್ಳಲಿ.

ಕೋರ್ಸ್ ಬಗ್ಗೆ ಕೇಳಿದಿರಿ. ಬಾಸ್ಟನ್ನಿನ ಬರ್ಕ್ಲಿಯಂಥ ಕಡೆ ಇದನ್ನೇ ವಿಷಯವಾಗಿ ಕಲಿಸುತ್ತಾರೆ, ಚೆನ್ನಾಗೇ ಕಲಿಸುತ್ತಾರೆ. ಚೆನ್ನೈನಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಶುರು ಮಾಡಿದ ಕೆ.ಎಂ. ಕನ್ಸರ್ವೇಟರಿ ಇದೆ. ಆದರೆ ಮನೆ ಪತ್ರ ಅಡ ಇಟ್ಟು ಹೊರದೇಶಕ್ಕೆ ಹೋಗೋದು ಈಗ ಬೇಡ. ಮೊದಲು ಇಪ್ಪತ್ತು ದೃಶ್ಯ ಮಾಡಿ. ಆಮೇಲೂ ಕಲಿಯೋಕೆ ಏನು ಬಾಕಿ ಇದೆ ಅಂತ ನಿಮಗೇ ಗೊತ್ತಿರುತ್ತೆ, ಆಗ ಹೋದರೆ ಕೊಟ್ಟ ದುಡ್ಡಿಗೆ ಬೆಲೆ. ಯಾರ ಹತ್ತಿರವಾದರೂ ಸೇರಿಕೊಳ್ಳೋದು ಮಾತ್ರ ಖಂಡಿತ ಮಾಡಿ. ಇಳಯರಾಜ ಅವರು ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿ ಇದ್ದವರು. 1976ರಲ್ಲಿ ತಮ್ಮ ಮೊದಲ ಸಿನಿಮಾ ಮಾಡೋ ಹೊತ್ತಿಗೆ ಸ್ಟುಡಿಯೋ ಅವರಿಗೆ ಮನೆಯಾಗಿತ್ತು. ಈಗ ಸಹಾಯಕ ಅಂದ್ರೆ ಹೆಚ್ಚಾಗಿ ಪ್ರೋಗ್ರಾಮರ್, ಕಂಪ್ಯೂಟರಿನಲ್ಲಿ ಸಂಗೀತದ ಟ್ರ್ಯಾಕ್ ಜೋಡಿಸೋರು. ನಾನು ಆರು ವರ್ಷ ಅದೇ ಮಾಡಿದೆ. ಬೆಳಗ್ಗೆ ಸೆಷನ್ ತೆರೆಯೋದು, ಟ್ರ್ಯಾಕ್ ಹೆಸರಿಡೋದು, ನಿರ್ದೇಶಕರು ‘ಇಲ್ಲಿ ಏನೋ ಸರಿ ಇಲ್ಲ’ ಅಂದಾಗ ಆ ‘ಏನೋ’ ಯಾವುದು ಅಂತ ನಮ್ಮ ಗುರುಗಳು ಹುಡುಕೋದನ್ನು ನೋಡೋದು. ಆ ಕೊನೆಯದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡೋಕೆ ಕಷ್ಟ. ಬರುವಾಗ ಕೈಯಲ್ಲಿ ಮೂರು ಒಳ್ಳೆಯ ದೃಶ್ಯ ಇರಲಿ, ಪಿಟೀಲೂ ಇರಲಿ. ಪಿಟೀಲು ನುಡಿಸೋ ಪ್ರೋಗ್ರಾಮರ್ ಸಿಕ್ಕರೆ ಯಾರೂ ಬಿಡಲ್ಲ.

ದುಡ್ಡಿನ ಮಾತು ಕೂಡ ಕಲಿಕೆಯ ಭಾಗವೇ. ‘ಪ್ಯಾಕೇಜ್’ ಅಂತ ಒಂದು ಮೊತ್ತ ಹೇಳುತ್ತಾರೆ. ಅದರಲ್ಲಿ ವಾದ್ಯದವರ ಸಂಭಾವನೆ, ಸ್ಟುಡಿಯೋ ಬಾಡಿಗೆ, ಮಿಕ್ಸಿಂಗ್ ಎಲ್ಲ ಸೇರಿದೆಯಾ ಅಂತ ಮೊದಲೇ ಕೇಳಿ, ಮೇಲ್‌ನಲ್ಲಿ ಬರೆಸಿಕೊಳ್ಳಿ. ಎಷ್ಟು ಸಲ ತಿದ್ದಿಕೊಡಬೇಕು ಅನ್ನೋದೂ ಅದರಲ್ಲಿರಲಿ. 2012ರ ಕಾಪಿರೈಟ್ ತಿದ್ದುಪಡಿ ಪ್ರಕಾರ, ಥಿಯೇಟರ್ ಪ್ರದರ್ಶನ ಬಿಟ್ಟು ಬೇರೆ ಕಡೆ ಬಳಸಿದಾಗ ಬರೋ ರಾಯಲ್ಟಿಯಲ್ಲಿ ಸಂಗೀತ ಮಾಡಿದವರಿಗೆ ಪಾಲಿದೆ. ಅದನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ಹೋಗಲ್ಲ. ಐಪಿಆರ್‌ಎಸ್ (ಸಂಗೀತ, ಸಾಹಿತ್ಯ ಬರೆದವರ ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಸ್ಥೆ) ಸದಸ್ಯತ್ವದ ಬಗ್ಗೆ ತಿಳಿದುಕೊಳ್ಳಿ, ಪ್ರತಿ ಚಿತ್ರಕ್ಕೂ ಯಾವ ಕ್ಯೂ ಎಷ್ಟು ಸೆಕೆಂಡ್ ಅಂತ ಪಟ್ಟಿ ಇಟ್ಟುಕೊಳ್ಳಿ. ಹಾಗೇ ಕೊಡುವಾಗ ತಾಳವಾದ್ಯ, ತಂತಿ, ಕೊಳಲು, ಹಾಡಿದ ದನಿ ಎಲ್ಲವನ್ನೂ ಬೇರೆ ಬೇರೆ ಟ್ರ್ಯಾಕ್ ಮಾಡಿ ಕೊಡಿ. ಚಿತ್ರ ತೆಲುಗಿಗೋ ತಮಿಳಿಗೋ ಡಬ್ ಆದರೆ ಹಿನ್ನೆಲೆಯಲ್ಲಿ ಹಾಡಿಸಿದ ಕನ್ನಡದ ಸಾಲನ್ನು ಮಾತ್ರ ತೆಗೆಯೋಕೆ ಬರಬೇಕು.

ಈಗ ಮನೆಕೆಲಸ. ಅದೇ ದೃಶ್ಯವನ್ನು ಮತ್ತೆ ಮಾಡಿ, ಮೂರು ಥರ. ಮೊದಲನೆಯದು ನಾನು ಹೇಳಿದ ಹಾಗೆ: 1:06ರವರೆಗೆ ಖಾಲಿ, 68.57, ನಾಲ್ಕು ಆವರ್ತ, ಸಮದಲ್ಲಿ ಬಿಲ್ಲು ಎತ್ತೋದು. ಎರಡನೆಯದರಲ್ಲಿ ಪಿಟೀಲೇ ಬೇಡ, ಮನೆಯಲ್ಲಿ ಸಿಗೋ ಯಾವುದಾದರೂ ಸದ್ದಿನಿಂದ ಮಾಡಿ, ಹಿತ್ತಾಳೆ ಬಿಂದಿಗೆಯ ಅಂಚು ಉಜ್ಜಿದರೂ ಸರಿ. ಮೂರನೆಯದು ನನ್ನ ಮಾತನ್ನೆಲ್ಲ ಬಿಟ್ಟು ನಿಮಗೆ ಸರಿ ಅನಿಸಿದ ಹಾಗೆ. ಒಂದು ವಾರ ಬಿಟ್ಟು, ಸಂಗೀತದವರಲ್ಲದ ಯಾರಿಗಾದರೂ ತೋರಿಸಿ. ನಿಮ್ಮ ಅಮ್ಮ ಆದರೆ ಇನ್ನೂ ಒಳ್ಳೆಯದು. ‘ಸಂಗೀತ ಹೇಗಿದೆ’ ಅಂತ ಕೇಳಬೇಡಿ. ‘ಹುಡುಗ ಏನು ಯೋಚನೆ ಮಾಡ್ತಿದ್ದ’ ಅಂತ ಕೇಳಿ. ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡು ಮೂರೂ ಫೈಲಿನ ಜೊತೆ ನನಗೆ ಕಳಿಸಿ.